ಸಣ್ಣ ಸಿಹಿನೀರಿನ ಮೀನು: ಹುರಿಯುವುದಾ, ಕರಿಯುವುದಾ, ಹಬೆಗಿಡುವುದಾ?

ಕೈಯಲ್ಲಿ ಅರ್ಧ ಕಿಲೋ ಸಣ್ಣ ಮೀನು ಇದೆ. ಕೆರೆಯದೋ, ಹೊಳೆಯದೋ, ಸಾಕಿದ್ದೋ. ಏನು ಮಾಡುವುದು ಅಂತ ಯೋಚಿಸುವಾಗ ಹೆಚ್ಚಿನವರು ಮಸಾಲೆಯಿಂದ ಶುರು ಮಾಡುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡುತ್ತಿದ್ದೆ. ಯಾವ ಪುಡಿ, ಎಷ್ಟು ಖಾರ, ಎಷ್ಟು ಹೊತ್ತು ನೆನೆಸಿಡಬೇಕು, ಬರೀ ಇದೇ ಲೆಕ್ಕ. ಆದರೆ ಸಣ್ಣ ಮೀನಿನ ಅಡುಗೆ ಮಸಾಲೆಯಿಂದ ಕೆಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಆ ಮೀನಿಗೆ ಒಗ್ಗದ ವಿಧಾನ ಹಿಡಿದು ಕೆಟ್ಟದ್ದೇ ಜಾಸ್ತಿ. ಎಣ್ಣೆಯಲ್ಲಿ ಗರಿಗರಿ ಆಗುವ ಮೀನನ್ನು ಹಬೆಯಲ್ಲಿಟ್ಟರೆ ಸಿಗುವುದು ಮುಳ್ಳಿನ ಮುದ್ದೆ. ಹಬೆಯಲ್ಲಿ ಬೆಣ್ಣೆಯಂತೆ ಬೇಯುವ ಮೀನನ್ನು ಕುದಿವ ಎಣ್ಣೆಗೆ ಬಿಟ್ಟರೆ ಒಣಗಿ ನಾರಾಗುತ್ತದೆ.

ಹಾಗಾಗಿ ಒಲೆ ಹಚ್ಚುವ ಮೊದಲು ಮೀನನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಷ್ಟು ಉದ್ದ? ಮಾಂಸದೊಳಗೆ ಎಂಥ ಮುಳ್ಳು? ವಾಸನೆ ಹೇಗಿದೆ? ಈ ಮೂರು ಗೊತ್ತಾದರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಮುಳ್ಳೇ ಹೇಳುತ್ತದೆ

ಬೆನ್ನೆಲುಬು, ಪಕ್ಕೆಲುಬು ಎಲ್ಲ ಮೀನಿಗೂ ಇರುತ್ತವೆ. ಅವುಗಳಿಂದ ತೊಂದರೆ ಇಲ್ಲ, ಬೆಂದ ಮೇಲೆ ಒಟ್ಟಿಗೆ ಎದ್ದು ಬರುತ್ತವೆ. ತೊಂದರೆ ಕೊಡುವುದು ಗೆಂಡೆ ಜಾತಿಯ ಮೀನುಗಳ ಒಳಮುಳ್ಳು. ಇವು ಬೆನ್ನೆಲುಬಿಗೆ ಅಂಟಿಕೊಂಡಿರುವುದಿಲ್ಲ. ಮಾಂಸದ ನಡುವೆ ಕವಲೊಡೆದ ಕಡ್ಡಿಗಳ ಹಾಗೆ ಬಿಡಿಬಿಡಿಯಾಗಿ ಹುದುಗಿರುತ್ತವೆ. ಎಷ್ಟೇ ಜಾಣತನದಿಂದ ಬಿಡಿಸಿದರೂ ಬಾಯಿಗೆ ಒಂದಾದರೂ ಬರುತ್ತದೆ. ತಿಲಾಪಿಯಾ, ಪರ್ಚ್, ಮೀಸೆ ಇರುವ ಕ್ಯಾಟ್‌ಫಿಶ್ ಇವುಗಳಲ್ಲಿ ಈ ಕಾಟ ಇಲ್ಲ. ಟ್ರೌಟ್ ನಡುವಿನದು: ಸಣ್ಣ ಮುಳ್ಳು ಇದೆ, ಆದರೆ ಮೆತ್ತಗಿರುತ್ತದೆ.

ಈಗ ಉದ್ದ ನೋಡಿ. ಬೆರಳುದ್ದದ ಮೀನು, ಅಂದರೆ 8–10 ಸೆಂಟಿಮೀಟರ್ ಒಳಗಿನದು, ಕರಿದರೆ ಮುಳ್ಳು ಸಮೇತ ಅಗಿದು ತಿನ್ನಬಹುದು. ಕ್ಯಾಲ್ಸಿಯಂ ಕೂಡ ಸಿಕ್ಕಿತು. ಅಂಗೈಗಿಂತ ಸ್ವಲ್ಪ ಉದ್ದದ್ದು, ಸುಮಾರು 15–18 ಸೆಂಟಿಮೀಟರಿನದು, ಕಾವಲಿಗೆ ಹೇಳಿ ಮಾಡಿಸಿದ್ದು. ತಟ್ಟೆ ತುಂಬುವಷ್ಟು, 20–25 ಸೆಂಟಿಮೀಟರಿನದು ಹಬೆಗೆ, ಓವನ್ನಿಗೆ ಸರಿ. ಇದಕ್ಕೆ ಗೆಂಡೆ ಮಾತ್ರ ಹೊರತು. ಅದು ಮಧ್ಯಮ ಗಾತ್ರದ್ದಾದರೂ ಮುಳ್ಳಿಗೆ ಬೇರೆ ಉಪಾಯ ಬೇಕು. ಮುಂದೆ ಹೇಳುತ್ತೇನೆ.

ಸಣ್ಣ ಮೀನಿನಲ್ಲಿ ತುಂಡು ತೆಗೆಯಲು, ಚರ್ಮ ಬಿಡಿಸಿ ಫಿಲೆ ಮಾಡಲು ಹೋಗಬೇಡಿ. ಕೈಗೆ ಬರುವ ಮಾಂಸಕ್ಕಿಂತ ಹಲಗೆಯ ಮೇಲೆ ಉಳಿಯುವುದೇ ಜಾಸ್ತಿ. ಇಡೀ ಮೀನು ಬೇಯಿಸಿದರೆ ಚರ್ಮ, ಮೂಳೆ ಎರಡೂ ಮಾಂಸ ಒಣಗದಂತೆ ಕಾಯುತ್ತವೆ.

ಶುಚಿ ಮಾಡುವಾಗ ಒಂದೇ ಎಚ್ಚರ

ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಹೆರೆಯಿರಿ. ನೀರೊಳಗೆ ಮುಳುಗಿಸಿ ಹೆರೆದರೆ ಅಡುಗೆಮನೆಯ ಗೋಡೆಗೆಲ್ಲ ಹಾರುವುದಿಲ್ಲ. ಟ್ರೌಟಿನ ಹುರುಪೆ ತೀರಾ ಸಣ್ಣದು, ಹೆರೆಯುವುದೇ ಬೇಡ. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ, ಲೋಳೆ ಇದೆ. ಕಲ್ಲುಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆ.

ಇನ್ನು ಹೊಟ್ಟೆ. ಕತ್ತರಿಯ ತುದಿಯನ್ನು ಗುದದ್ವಾರದಿಂದ ಒಳಗೆ ಹಾಕಿ, ಮೇಲ್ಮುಖವಾಗಿ ಹಿಡಿದು, ಚರ್ಮ ಮಾತ್ರ ಸೀಳುತ್ತಾ ಕಿವಿರಿನ ತನಕ ಬನ್ನಿ. ಆಳಕ್ಕೆ ಚುಚ್ಚಬೇಡಿ. ಕರುಳಿನ ಜೊತೆಗೆ ಹಸಿರು ಬಣ್ಣದ ಸಣ್ಣ ಚೀಲ ಇರುತ್ತದೆ, ಕಾಳಿನಷ್ಟು ದೊಡ್ಡದು. ಅದು ಪಿತ್ತಕೋಶ. ಒಡೆದರೆ ಕಹಿ ಎಲ್ಲ ಕಡೆ ಹರಡುತ್ತದೆ. ನಾನೊಮ್ಮೆ ಆತುರದಲ್ಲಿ ಚಾಕು ಆಳಕ್ಕೆ ಬಿಟ್ಟು, ಒಡೆದದ್ದು ಗೊತ್ತಾದರೂ ತೊಳೆದರೆ ಹೋಗುತ್ತದೆ ಅಂದುಕೊಂಡು ಬೇಯಿಸಿದೆ. ಹೋಗಲಿಲ್ಲ. ಆ ಮೀನು ಮಾತ್ರ ಅಲ್ಲ, ಅದರ ಜೊತೆ ಪಾತ್ರೆಯಲ್ಲಿದ್ದ ಸಾರೂ ಕಹಿಯಾಯಿತು. ಒಡೆದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆದು, ಹಸಿರು ತಾಗಿದ ಭಾಗವನ್ನು ಕತ್ತರಿಸಿ ಬಿಸಾಕಿ.

ಕರುಳು ತೆಗೆದ ಮೇಲೆ ಬೆನ್ನೆಲುಬಿನ ಕೆಳಗೆ ಕಡುಗೆಂಪು ರಕ್ತದ ಗೆರೆ ಕಾಣುತ್ತದೆ. ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಿರಿ. ಕೆಲವು ಮೀನಿಗೆ ಹೊಟ್ಟೆಯೊಳಗೆ ಕಪ್ಪು ಪೊರೆ ಇರುತ್ತದೆ, ಅದನ್ನೂ ಉಜ್ಜಿ. ತಲೆ ಇಟ್ಟುಕೊಳ್ಳುವುದಾದರೆ ಕಿವಿರು ತೆಗೆಯಲೇಬೇಕು.

ಕಾವಲಿ: ನನ್ನ ಮೊದಲ ಆಯ್ಕೆ

ಅಂಗೈಯುದ್ದದ ಮೀನಿಗೆ ಯಾವ ವಿಧಾನ ಅಂತ ಕಣ್ಣು ಮುಚ್ಚಿ ಕೇಳಿದರೂ ನಾನು ಕಾವಲಿ ಅನ್ನುತ್ತೇನೆ. ಎಣ್ಣೆ ಎರಡು ಚಮಚ ಸಾಕು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಚರ್ಮ ಗರಿಗರಿ, ಒಳಗೆ ರಸ ಇರುತ್ತದೆ.

ಆದರೆ ಜನ ಕಾವಲಿಯನ್ನು ಬಯ್ಯುವುದೂ ಅಷ್ಟೇ. "ತಳ ಹಿಡಿಯಿತು, ತಿರುಗಿಸುವಾಗ ಚರ್ಮ ಎಲ್ಲ ಕಿತ್ತು ಬಂತು." ತಪ್ಪು ಕಾವಲಿಯದಲ್ಲ, ನೀರಿನದು. ನೀರು ಇರುವ ತನಕ ಮೀನಿನ ಮೈ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಹುರಿದ ಪರಿಮಳ ಬರಬೇಕಾದರೆ 140 ಡಿಗ್ರಿ ಆದರೂ ಬೇಕು. ಒದ್ದೆ ಮೀನು ಹಾಕಿದರೆ ಅದು ಹುರಿಯುವುದಿಲ್ಲ, ಸುಮ್ನೆ ಬೇಯುತ್ತದೆ. ಬೇಯುತ್ತಾ ಬೇಯುತ್ತಾ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ.

ಹಾಗಾಗಿ ಮೀನಿಗೆ ಉಪ್ಪು ಸವರಿ 15 ನಿಮಿಷ ಬಿಡಿ. ಮೈಮೇಲೆ ಬೆವರಿನ ಹಾಗೆ ಹನಿ ಮೂಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ಹೊಟ್ಟೆಯ ಒಳಗೂ ಒರೆಸಿ. ದಪ್ಪ ಇರುವ ಕಡೆ ಎರಡೂ ಪಕ್ಕ ಎರಡು ಮೂರು ಗೀರು ಹಾಕಿ, ಚರ್ಮ ಸುಕ್ಕಿ ಮೀನು ಬಾಗುವುದು ತಪ್ಪುತ್ತದೆ. ಮಸಾಲೆ ಬೇಕಿದ್ದರೆ ಒಣ ಪುಡಿಯಾಗಿಯೇ ಸವರಿ. ನೀರಾದ ಮಸಾಲೆ ಹಚ್ಚಿದರೆ ಒರೆಸಿದ ಶ್ರಮ ವ್ಯರ್ಥ, ಮೀನಿಗಿಂತ ಮೊದಲು ಮಸಾಲೆ ಸೀದು ಹೋಗುತ್ತದೆ.

ಖಾಲಿ ಕಾವಲಿ ಮೊದಲು ಚೆನ್ನಾಗಿ ಕಾಯಲಿ. ಆಮೇಲೆ ಎಣ್ಣೆ. ಎಣ್ಣೆ ತೆಳ್ಳಗಾಗಿ ಹೊಳೆಯುತ್ತಾ ಹರಿದಾಡಿದಾಗ ಮೀನಿನ ಬಾಲ ಹಿಡಿದು, ತಲೆ ಮೊದಲು ತಾಗುವಂತೆ, ನಿಮ್ಮಿಂದ ಆಚೆಗೆ ಮಲಗಿಸಿ. ಜೋರಾಗಿ ಚುರ್ ಅನ್ನಬೇಕು. ಅನ್ನದಿದ್ದರೆ ಕಾವು ಸಾಲದು. ಇನ್ನು ಮೂರು ನಿಮಿಷ ಮುಟ್ಟಬೇಡಿ. ಕಷ್ಟದ ಕೆಲಸ ಅಂದರೆ ಇದೇ, ಕೈ ಸುಮ್ಮನಿರುವುದಿಲ್ಲ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಬಾಲದ ಬುಡಕ್ಕೆ ಸಟ್ಟುಗ ಹಾಕಿ ಮೆಲ್ಲಗೆ ಎತ್ತಿ ನೋಡಿ. ಬಿಟ್ಟುಕೊಂಡರೆ ತಿರುಗಿಸಿ, ಹಿಡಿದುಕೊಂಡರೆ ಇನ್ನೂ ಅರ್ಧ ನಿಮಿಷ ಬಿಡಿ. ಮೇಲ್ಪದರ ಗಟ್ಟಿಯಾದ ಮೇಲೆ ಮೀನೇ ಕಾವಲಿಯನ್ನು ಬಿಡುತ್ತದೆ. ಎರಡು ಸೆಂಟಿಮೀಟರ್ ದಪ್ಪದ ಮೀನಿಗೆ ಒಂದೊಂದು ಪಕ್ಕಕ್ಕೆ 3–4 ನಿಮಿಷ ಸಾಕು.

ಹಿಟ್ಟು ಬೇಕಾ? ಬೇಕೇ ಬೇಕು ಅಂತ ಇಲ್ಲ. ಆದರೆ ಮೃದು ಮಾಂಸದ ಮೀನಿಗೆ ತೆಳು ಹಿಟ್ಟು ಒಳ್ಳೆಯ ರಕ್ಷಣೆ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲ, ಗರಿಗರಿ ಜಾಸ್ತಿ, ಹೆಚ್ಚು ಹೊತ್ತು ಉಳಿಯುತ್ತದೆ. ಮೈದಾ ಚೆನ್ನಾಗಿ ಅಂಟಿಕೊಳ್ಳುತ್ತದೆ, ಬಣ್ಣವೂ ಚೆಂದ, ಆದರೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ರವೆ ಕುರುಂ ಅನ್ನುತ್ತದೆ, ಆದರೆ ಬಾಯಿ ತುಂಬಾ ರವೆಯೇ. ಸಣ್ಣ ಮೀನಿನ ರುಚಿ ಅದರಲ್ಲಿ ಮುಳುಗುತ್ತದೆ. ನನಗೆ ಅಕ್ಕಿ ಹಿಟ್ಟೇ ಸರಿ. ಹಚ್ಚಿದ ಕೂಡಲೇ ಕಾವಲಿಗೆ ಹಾಕಬೇಕು, ಹಚ್ಚಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತರೆ ಅಂಟಾಗುತ್ತದೆ.

ಕರಿಯುವುದು: ಬೆರಳುದ್ದಕ್ಕೂ ಗೆಂಡೆಗೂ

ಕಾವಲಿಯಲ್ಲಿ ಬೆರಳುದ್ದದ ಮೂವತ್ತು ಮೀನನ್ನು ಒಂದೊಂದಾಗಿ ತಿರುಗಿಸುತ್ತಾ ಕೂರುವುದು ಶಿಕ್ಷೆ. ಅಲ್ಲಿ ಬಾಣಲೆಯೇ ಬೇಕು. ಎಣ್ಣೆಯ ಕಾವು 180 ಡಿಗ್ರಿ ಆಸುಪಾಸು ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಹಿಟ್ಟು ಉದುರಿಸಿ. ತಕ್ಷಣ ಮೇಲೆ ಬಂದು ನೊರೆಯಬೇಕು, ಕಪ್ಪಾಗಬಾರದು. ಒಂದೇ ಸಲಕ್ಕೆ ಹಿಡಿ ತುಂಬಾ ಹಾಕಿದರೆ ಕಾವು ಬಿದ್ದು ಹೋಗಿ ಮೀನು ಎಣ್ಣೆ ಕುಡಿಯುತ್ತದೆ.

ಕಿವಿಯನ್ನೂ ಬಳಸಿ. ಹಾಕಿದಾಗ ಗದ್ದಲ ಜೋರು, ಗುಳ್ಳೆ ದೊಡ್ಡವು. ಅದು ಮೀನಿನ ನೀರು ಹೊರಟು ಹೋಗುವ ಸದ್ದು. ಮೂರು ನಾಲ್ಕು ನಿಮಿಷಕ್ಕೆ ಸದ್ದು ಇಳಿಯುತ್ತದೆ, ಗುಳ್ಳೆ ಸಣ್ಣದಾಗುತ್ತದೆ. ಆಗ ತೆಗೆಯಿರಿ. ಮುಳ್ಳೂ ಗರಿಗರಿ ಆಗಬೇಕಿದ್ದರೆ ಎರಡು ಸಲ ಕರಿಯಿರಿ: ಒಮ್ಮೆ ತೆಗೆದು ಐದು ನಿಮಿಷ ಆರಲು ಬಿಟ್ಟು, ಕಾವು ಸ್ವಲ್ಪ ಏರಿಸಿ ಮತ್ತೆ ಒಂದೆರಡು ನಿಮಿಷ.

ಈಗ ಗೆಂಡೆಯ ಉಪಾಯ. ಹುರುಪೆ ತೆಗೆದ ಮೀನನ್ನು ಹಲಗೆಯ ಮೇಲಿಟ್ಟು, ಹರಿತ ಚಾಕುವಿನಿಂದ ಮೂರು ಮಿಲಿಮೀಟರ್‌ಗೊಂದರಂತೆ ಅಡ್ಡ ಗೀರು ಹಾಕಿ. ಬೆನ್ನೆಲುಬಿನ ತನಕ ಇಳಿಯಬೇಕು, ಬೆನ್ನೆಲುಬು ಕತ್ತರಿಸಬಾರದು. ಚಾಕು ಒಳಮುಳ್ಳನ್ನು ಕಡಿಯುವಾಗ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳುತ್ತದೆ, ಕೈಗೂ ಗೊತ್ತಾಗುತ್ತದೆ. ಆ ಸದ್ದು ಬಂದರೆ ಸರಿಯಾದ ಆಳಕ್ಕೆ ಹೋಗಿದ್ದೀರಿ ಅಂತ. ಉದ್ದ ಮುಳ್ಳು ಈಗ ಪುಟ್ಟ ಪುಟ್ಟ ಚೂರು. ಬಿಸಿ ಎಣ್ಣೆ ಗೀರಿನೊಳಗೆ ಇಳಿದು ಆ ಚೂರುಗಳನ್ನು ಗರಿಗರಿ ಮಾಡುತ್ತದೆ. ತಿನ್ನುವಾಗ ಇದ್ದದ್ದೇ ಗೊತ್ತಾಗುವುದಿಲ್ಲ. ಗೀರು ದೂರ ದೂರ ಹಾಕಿದರೆ ಮಾತ್ರ ಉಪಯೋಗ ಇಲ್ಲ, ಅಷ್ಟುದ್ದದ ಮುಳ್ಳು ಹಾಗೇ ಉಳಿಯುತ್ತದೆ. ಕಾವಲಿಯಲ್ಲೂ ಹೀಗೆ ಮಾಡಬಹುದು, ಆದರೆ ಎಣ್ಣೆ ಕಡಿಮೆ ಇರುವುದರಿಂದ ಫಲ ಅರ್ಧ.

ಕರಿಯುವುದರ ಕಷ್ಟ ನಿಮಗೇ ಗೊತ್ತು. ಎಣ್ಣೆ ಖರ್ಚು, ಮನೆಯೆಲ್ಲ ವಾಸನೆ, ಉಳಿದ ಎಣ್ಣೆಯನ್ನು ಬೇರೆ ಯಾವುದಕ್ಕೂ ಹಾಕುವ ಹಾಗಿಲ್ಲ.

ಹಬೆ, ಮತ್ತು ಆ ಮಣ್ಣು ವಾಸನೆ

ಹಬೆಯಲ್ಲಿ ಮುಚ್ಚಿಡಲು ಏನೂ ಇಲ್ಲ. ಮೀನು ಚೆನ್ನಾಗಿದ್ದರೆ ಇದಕ್ಕಿಂತ ರುಚಿ ಬೇರೆ ಇಲ್ಲ, ಚೆನ್ನಾಗಿಲ್ಲದಿದ್ದರೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಅದಕ್ಕೇ ಹಬೆಗಿಡುವ ಮೊದಲು ಮೂಗು ಬಳಸಬೇಕು.

ಸಮುದ್ರದ ಮೀನಿನ ನಾತ ಬೇರೆ, ಸಿಹಿನೀರಿನ ಮೀನಿನ ವಾಸನೆ ಬೇರೆ. ಸಿಹಿನೀರಿನದು ತಾಜಾ ಇದ್ದರೂ ಒಮ್ಮೊಮ್ಮೆ ಕೆಸರು ವಾಸನೆ ಬರುತ್ತದೆ. ಅದು ಕೊಳೆತದ್ದರ ಗುರುತಲ್ಲ. ನಿಂತ ನೀರಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನುವ ವಸ್ತು ತಯಾರಿಸುತ್ತವೆ. ಹೊಸ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯಲ್ಲೂ ಇದೇ ಇರುವುದು. ಮಳೆಯಲ್ಲಿ ನಮಗೆ ಇಷ್ಟ, ಮೀನಿನಲ್ಲಿ ಬೇಡ, ವಿಚಿತ್ರ ಅಲ್ವಾ? ನಮ್ಮ ಮೂಗು ಇದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಮೀನಿನ ಕೊಬ್ಬಿನಲ್ಲಿ, ಚರ್ಮದಲ್ಲಿ, ಪಕ್ಕದ ಕಪ್ಪು ಮಾಂಸದಲ್ಲಿ ಇದು ಜಾಸ್ತಿ ಸೇರಿಕೊಳ್ಳುತ್ತದೆ. ಜೀವಂತ ಮೀನನ್ನು ಕೆಲವು ದಿನ ಶುದ್ಧ ನೀರಿನಲ್ಲಿ ಬಿಟ್ಟರೆ ಕಡಿಮೆಯಾಗುತ್ತದೆ. ಸತ್ತ ಮೀನಿಗೆ ಉಳಿದಿರುವ ಮದ್ದು ಹುಳಿ. ನಿಂಬೆ, ವಿನೆಗರ್, ಹುಣಸೆ, ಮೊಸರು ಯಾವುದಾದರೂ ಸರಿ. ಹುಳಿ ಜಿಯೋಸ್ಮಿನ್ನನ್ನು ಒಡೆಯುತ್ತದೆ.

ಕಿವಿರಿನ ಹತ್ತಿರ ಮೂಸಿ ನೋಡಿ. ಕೆಸರು ವಾಸನೆ ಇದ್ದರೆ ಹಬೆ ಬೇಡ, ಹುಳಿ ಸಾರು ಮಾಡಿ. ಸೌತೆಕಾಯಿಯ ಹಾಗೆ, ತಣ್ಣೀರಿನ ಹಾಗೆ ಇದ್ದರೆ, ಕಣ್ಣು ತಿಳಿಯಾಗಿ ಉಬ್ಬಿದ್ದರೆ, ಕಿವಿರು ಕೆಂಪಗಿದ್ದರೆ, ಹೊಟ್ಟೆ ಒತ್ತಿದ ಗುಳಿ ತಕ್ಷಣ ತುಂಬಿಕೊಂಡರೆ ಹಬೆಗಿಡಿ.

ನೀರು ಭರ್ತಿ ಕುದಿಯಲು ಶುರುವಾದ ಮೇಲೇ ಮೀನು ಒಳಗೆ ಹೋಗಬೇಕು. ತಟ್ಟೆಯ ಮೇಲೆ ಎರಡು ಚಮಚ ಅಡ್ಡಡ್ಡ ಇಟ್ಟು ಅದರ ಮೇಲೆ ಮೀನು ಮಲಗಿಸಿ, ಹಬೆ ಕೆಳಗೂ ಆಡುತ್ತದೆ. ಸುಮಾರು 250 ಗ್ರಾಂ ಮೀನಿಗೆ 7–8 ನಿಮಿಷ. ಕಣ್ಣು ಬೆಳ್ಳಗೆ ಮಣಿಯಂತಾಗಿ, ಬೆನ್ನಿನ ಈಜುರೆಕ್ಕೆ ಎಳೆದರೆ ಸಲೀಸಾಗಿ ಬಂದರೆ ಬೆಂದಿದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಬೇಡದ ವಾಸನೆ ಇಳಿದಿರುವುದು ಅದರಲ್ಲೇ. ಮೇಲೆ ಉಪ್ಪು, ನಿಂಬೆ, ಒಂದು ಚಮಚ ಬಿಸಿ ಎಣ್ಣೆ. ಇಷ್ಟೇ.

ಓವನ್, ಏರ್ ಫ್ರೈಯರ್

ಮೇಲೆ ನಿಂತು ಕಾಯಲು ಮನಸ್ಸಿಲ್ಲದ ದಿನ ಇವು ಒಳ್ಳೆಯವು. ಓವನ್ 220 ಡಿಗ್ರಿಗೆ ಕಾದಿರಲಿ, ಎಣ್ಣೆ ಸವರಿದ ಮೀನಿಗೆ 10–12 ನಿಮಿಷ. ಏರ್ ಫ್ರೈಯರಿನಲ್ಲಿ 200 ಡಿಗ್ರಿಗೆ 8–10. ಕರಿದ ಹಾಗೆ ಆಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಚರ್ಮ ಗರಿಯಾಗುತ್ತದೆ, ಮುಳ್ಳು ಗರಿಯಾಗುವುದಿಲ್ಲ. ಫಾಯಿಲಿನಲ್ಲಿ ಸುತ್ತಿಟ್ಟರೆ ಅದು ಹೆಸರಿಗಷ್ಟೇ ಓವನ್, ಕೆಲಸ ಹಬೆಯದ್ದೇ. ಮೈಕ್ರೋವೇವ್ ಮಾತ್ರ ಬೇಡ. ಬಾಲ ರಬ್ಬರಾಗಿರುತ್ತದೆ, ತಲೆಯ ಹಿಂದೆ ಹಸಿ ಉಳಿದಿರುತ್ತದೆ.

ಕೆಂಡದ ಮೇಲೆ ಸುಟ್ಟರೆ ರುಚಿಯೇನೋ ಬಹಳ ಚೆನ್ನ, ಆದರೆ ಸಣ್ಣ ಮೀನು ಜಾಲರಿಯ ಸಂದಿಯಿಂದ ಬೀಳುತ್ತದೆ. ಎರಡು ಕಡೆ ಮುಚ್ಚುವ ಜಾಲರಿ ಇದ್ದರೆ ಮಾತ್ರ ಕೈ ಹಾಕಿ.

ಸಾರು, ಮತ್ತು ಪ್ರೆಶರ್ ಕುಕ್ಕರ್

ಕೆಸರು ವಾಸನೆಯ ಮೀನಿಗೆ ಹುಳಿ ಸಾರೇ ದಾರಿ ಅಂದೆನಲ್ಲ. ಮೊದಲು ಹುಳಿ, ಉಪ್ಪು, ಖಾರ ಹಾಕಿದ ನೀರು ಚೆನ್ನಾಗಿ ಕುದಿದು ರುಚಿ ಕೂಡಲಿ. ಆಮೇಲೆ ಉರಿ ತಗ್ಗಿಸಿ ಮೀನು ಇಳಿಸಿ. ಐದಾರು ನಿಮಿಷಕ್ಕೆ ಆಯಿತು. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಆಡಿಸಿ. ಮೀನು ಹಾಕಿ ಅರ್ಧ ಗಂಟೆ ಕೊತಕೊತ ಕುದಿಸುವವರಿದ್ದಾರೆ. ಕೊನೆಗೆ ಅವರಿಗೆ ಸಿಗುವುದು ಮುಳ್ಳು ತೇಲುವ ಗಂಜಿ.

ಪ್ರೆಶರ್ ಕುಕ್ಕರ್ ಬಗ್ಗೆ ಕೇಳಿದರೆ ಮೂಗು ಮುರಿಯುವವರೇ ಜಾಸ್ತಿ. ಆದರೆ ಡಬ್ಬಿಯಲ್ಲಿ ಸಿಗುವ ಮೀನಿನ ಮೂಳೆ ಬೆರಳಲ್ಲಿ ಹಿಚುಕಿದರೆ ಪುಡಿಯಾಗುವುದನ್ನು ನೋಡಿದ್ದೀರಾ? ಡಬ್ಬಿಯನ್ನು ಒತ್ತಡದಲ್ಲಿ ಸುಮಾರು 120 ಡಿಗ್ರಿಗೆ ಕಾಯಿಸಿರುತ್ತಾರೆ. ಮನೆಯ ಕುಕ್ಕರಿನೊಳಗೂ ಹೆಚ್ಚುಕಡಿಮೆ ಅಷ್ಟೇ ಕಾವು. ಅಂಗೈಯುದ್ದದ ಗೆಂಡೆಗೆ ಸ್ವಲ್ಪ ಹುಳಿ, ಸ್ವಲ್ಪ ಎಣ್ಣೆ, ತಳ ಹಿಡಿಯದಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ 40 ನಿಮಿಷ ಇಟ್ಟರೆ ಒಳಮುಳ್ಳು ಮೆತ್ತಗಾಗುತ್ತದೆ. ನೋಡಲು ಚೆಂದ ಇರುವುದಿಲ್ಲ, ಮಾಂಸವೂ ಸ್ವಲ್ಪ ಒಣ. ಆದರೆ ಮುಳ್ಳಿಗೆ ಹೆದರಿ ಮೀನೇ ಬಿಟ್ಟವರು ಮನೆಯಲ್ಲಿದ್ದರೆ, ಗೀರು ಹಾಕುವ ತಾಳ್ಮೆಯೂ ನಿಮಗಿಲ್ಲದಿದ್ದರೆ, ಇದನ್ನು ಮಾಡಿ.

ಯಾವ ವಿಧಾನವಾದರೂ ಒಂದರಲ್ಲಿ ರಾಜಿ ಬೇಡ. ಸಿಹಿನೀರಿನ ಮೀನು ಪೂರ್ತಿ ಬೇಯಲೇಬೇಕು. ಅದರಲ್ಲಿ ಲಾಡಿಹುಳುವಿನ ಮರಿ, ಯಕೃತ್ತಿಗೆ ಹೋಗಿ ಸೇರುವ ಹುಳು ಇರಬಹುದು. ದಪ್ಪ ಭಾಗದ ಒಳಗೆ 63 ಡಿಗ್ರಿ ಮುಟ್ಟಿದರೆ ಭಯ ಇಲ್ಲ. ಕಣ್ಣಿಗೆ ಹೇಳುವುದಾದರೆ, ಗಾಜಿನಂತಿದ್ದ ಮಾಂಸ ಪೂರ್ತಿ ಬೆಳ್ಳಗಾಗಿ ಪದರ ಪದರವಾಗಿ ಬಿಡಬೇಕು. ನಿಂಬೆ ರಸದಲ್ಲಿ ನೆನೆಸಿದರೂ ಮಾಂಸ ಬೆಳ್ಳಗಾಗುತ್ತದೆ, ಆದರೆ ಅದು ಬೆಂದದ್ದಲ್ಲ. ಹುಳಿಗೆ ಹುಳು ಸಾಯುತ್ತದೆ ಅಂತ ನಂಬುವ ಹಾಗಿಲ್ಲ.

ಮೀನು ಬಂದ ನೀರಿನ ಬಗ್ಗೆ ಅನುಮಾನ ಇದ್ದರೆ ಚರ್ಮ, ಹೊಟ್ಟೆಯ ಕೊಬ್ಬು ತೆಗೆದು, ಕೊಬ್ಬು ತೊಟ್ಟಿಕ್ಕಿ ಹೋಗುವ ಹಾಗೆ ಸುಡುವುದು ಮೇಲು. ಕೊಬ್ಬಿನಲ್ಲಿ ಸೇರುವ ವಿಷ ಕಡಿಮೆಯಾಗುತ್ತದೆ. ಪಾದರಸ ಹಾಗಲ್ಲ, ಅದು ಮಾಂಸದೊಳಗೇ ಇರುತ್ತದೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಬೇರೆ ಮೀನು ತಿಂದು ದೊಡ್ಡದಾದ ಮೀನಿಗಿಂತ ಸಣ್ಣದರಲ್ಲಿ ಅದು ಸಾಮಾನ್ಯವಾಗಿ ಕಡಿಮೆ ಅನ್ನುವುದಷ್ಟೇ ಸಮಾಧಾನ.

ತಟ್ಟೆಗೆ ಬಂದ ಮೇಲೆ

ಹಬೆಯದೋ ಕಾವಲಿಯದೋ ಇಡೀ ಮೀನು ತಟ್ಟೆಗೆ ಬಂದಾಗ ಹಲವರು ಸಿಕ್ಕಲ್ಲಿ ಕೈ ಹಾಕಿ ಮುಳ್ಳೆಲ್ಲ ಚೆಲ್ಲಾಪಿಲ್ಲಿ ಮಾಡಿಕೊಳ್ಳುತ್ತಾರೆ. ಮೊದಲು ಬೆನ್ನಿನ ಈಜುರೆಕ್ಕೆ ಹಿಡಿದು ತಲೆಯ ಕಡೆಗೆ ಎಳೆಯಿರಿ, ಅದರ ಬುಡದ ಸಾಲುಮುಳ್ಳು ಜೊತೆಗೇ ಬರುತ್ತದೆ. ಆ ಗೆರೆಯಲ್ಲಿ ಚಮಚದ ಅಂಚು ಇಳಿಸಿ, ಮೇಲಿನ ಮಾಂಸವನ್ನು ಹೊಟ್ಟೆಯ ಕಡೆಗೆ ತಳ್ಳಿ. ಬೆನ್ನೆಲುಬು ಬಿಚ್ಚಿಕೊಂಡು ಕಾಣುತ್ತದೆ. ಬಾಲ ಹಿಡಿದು ಮೆಲ್ಲಗೆ ಎತ್ತಿದರೆ ಬೆನ್ನೆಲುಬು, ಪಕ್ಕೆಲುಬು, ತಲೆ ಒಂದೇ ಸಲಕ್ಕೆ ಎದ್ದು ಬರುತ್ತವೆ. ಕೆಳಗಿನ ಅರ್ಧ ಹಾಗೇ ತಟ್ಟೆಯಲ್ಲಿ ಉಳಿಯುತ್ತದೆ. ಎತ್ತಿದ ತಲೆಯನ್ನು ಬಿಸಾಕುವ ಮೊದಲು ಕೆನ್ನೆ ಒತ್ತಿ ನೋಡಿ, ಕಡಲೆಕಾಳಿನಷ್ಟು ಮಾಂಸ ಇರುತ್ತದೆ. ನಮ್ಮಲ್ಲಿ ಅದಕ್ಕೆ ಜಗಳವೇ ಆಗುತ್ತದೆ.